‘ಮೀಯು’ ಮತ್ತು ‘ಎರೆ’: ಎರಡೂ ಸ್ನಾನವೇ?

ಎಲ್ಲರಿಗೂ ನಮಸ್ಕಾರ,

ಹೋದ ತಿಂಗಳು ಕುಂದಾಪುರದ ಹತ್ತಿರ ನೆಂಟರ ಮನೆಗೆ ಹೋಗಿದ್ದೆ. ಬೆಳಿಗ್ಗೆ ಆ ಮನೆಯ ಅಮ್ಮ ಟವೆಲ್ ಕೈಗಿಟ್ಟು “ಮಿಂದ್ಕಂಡ್ ಬನ್ನಿ” ಅಂದರು, ಅಂದರೆ ಸ್ನಾನ ಮಾಡಿ ಬನ್ನಿ ಅಂತ. ಅರ್ಥವಾಯಿತು, ಆದರೂ ಮೈ ಜುಮ್ ಅಂದಿತು. ನಾನು ಧಾರವಾಡದ ಕಡೆಯವನು. ನಮಗೆ ‘ಮಿಂದು’ ಅನ್ನೋದು ಹಳೆಗನ್ನಡದ ಪಾಠದಲ್ಲಿ ಸಿಕ್ಕ ಪದ. ಅಲ್ಲಿ ಅದು ದಿನಬಳಕೆಯ ಮಾತು. ‘ಮಿಂದು’ವಿನ ಮೂಲವಾದ ‘ಮೀ’ ತುಳುವಿನಲ್ಲೂ ಇದೆ.

ನಮ್ಮ ಮನೆಯಲ್ಲಿ ದಿನಾ ಮಾಡೋದು ‘ಜಳಕ’. ಹೆಂಗಸರು ತಲೆಗೆ ನೀರು ಹಾಕಿಕೊಂಡರೆ ಮಾತ್ರ ‘ಎರಕೊಳ್ಳೋದು’. ಕೂಸಿಗೂ ‘ಎರಿಯೋದೇ’. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲಮೇಲೆ ಬೋರಲು ಹಾಕಿಕೊಂಡು, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ತಂಬಿಗೆಯಿಂದ ಸಣ್ಣಗೆ ಬಿಡುತ್ತಿದ್ದಳು. ಮೈಗೆ ಕಡಲೆಹಿಟ್ಟು, ಆಮೇಲೆ ಲೋಬಾನದ ಹೊಗೆ. ಓಣಿಯವರು ಬಂದರೆ “ಕೂಸಿಗೆ ಎರದ್ರೇನು?” ಅಂತಲೇ ಕೇಳುತ್ತಿದ್ದರು.

‘ಎರೆ’ ಅಂದರೆ ಹೊಯ್ಯು. ದೋಸೆ ಎರೆಯುತ್ತೇವೆ, ಹುತ್ತಕ್ಕೆ ಹಾಲೆರೆಯುತ್ತೇವೆ, ಮದುವೆಯಲ್ಲಿ ಧಾರೆ ಎರೆಯುತ್ತೇವೆ. ಅಂದರೆ ಈ ಪದದಲ್ಲಿ ಹೊಯ್ಯುವ ಒಂದು ಕೈ ಇರಲೇಬೇಕು. ‘ಮೀ’ಯಲ್ಲಿ ಹಾಗಿಲ್ಲ. ಅದು ತಾನೇ ಮಾಡುವ ಕೆಲಸ. ಬೇರೆಯವರು ಮಾಡಿಸಿದರೆ ‘ಮೀಯಿಸು’ ಆಗುತ್ತದೆ.

ವಚನಗಳಲ್ಲಿ ಲಿಂಗಕ್ಕೆ ‘ಮಜ್ಜನಕ್ಕೆರೆ’ಯುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಖುಷಿ. ‘ಮಜ್ಜನ’ದ ಸಂಸ್ಕೃತ ಮೂಲಕ್ಕೆ ಮುಳುಗುವುದು ಅಂತ ಅರ್ಥ. ಕನ್ನಡದವರು ಆ ಪದ ತಗೊಂಡು, ಅದಕ್ಕೆ ತಮ್ಮ ‘ಎರೆ’ ಸೇರಿಸಿದರು. ಮುಳುಗುವ ಪದಕ್ಕೆ ಹೊಯ್ಯುವ ಕೈ ಬಂತು! ಅದೇ ಬಸವಣ್ಣನವರು ತೀರ್ಥ ಸುತ್ತುವವರ ಬಗ್ಗೆ ಹೇಳುವಾಗ “ನೀರ ಕಂಡಲ್ಲಿ ಮುಳುಗುವರಯ್ಯಾ” ಅನ್ನುತ್ತಾರೆ. ಹೊಳೆಯ ನೀರಿಗೆ ಒಂದು ಮಾತು, ತಂಬಿಗೆಯ ನೀರಿಗೆ ಇನ್ನೊಂದು ಮಾತು ಇತ್ತು ಅಂತ ನನಗನಿಸುತ್ತದೆ.

ಇನ್ನೊಂದು ನೆನಪಾಯಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುಂಚೆ ರಾಯ ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಳ್ಳುತ್ತಿದ್ದ. ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕಸರತ್ತು. ಆಮೇಲೆ ಕುಸ್ತಿ, ಕುದುರೆ ಸವಾರಿ. ಇಷ್ಟೆಲ್ಲ ಆದಮೇಲೆ ಒಬ್ಬ ಬ್ರಾಹ್ಮಣ ಅವನ ಮೈ ತೊಳೆಯುತ್ತಿದ್ದ. ಪಾಯೆಸ್ ಬರೆದದ್ದು ಪೋರ್ಚುಗೀಸಿನಲ್ಲಿ. ಅರಮನೆಯ ಬಚ್ಚಲಲ್ಲಿ ಆ ಹೊತ್ತಿಗೆ ಯಾವ ಕನ್ನಡ ಮಾತು ಕೇಳುತ್ತಿತ್ತು? ರಾಯ ಮಿಂದನೇ, ರಾಯನಿಗೆ ಎರೆದರೇ? ‘ಎರೆದರು’ ಅಂತ ನನ್ನ ಊಹೆ. ಎಣ್ಣೆ ಇದ್ದಲ್ಲಿ ಎರೆಯುವ ಕೈಯೂ ಇರುತ್ತದೆ, ಅಲ್ವಾ?

ಈಗ ನಿಮ್ಮನ್ನು ಕೇಳುವುದು ಇಷ್ಟು. ಮಲೆನಾಡು, ಕೊಡಗು, ಉತ್ತರ ಕನ್ನಡದವರೇ, ನಿಮ್ಮ ಮನೆಯಲ್ಲಿ ‘ಮೀಯು’ ಇನ್ನೂ ಇದೆಯಾ? ಇದ್ದರೆ ಕೆರೆ, ಹೊಳೆಗೆ ಮಾತ್ರವೋ, ಬಚ್ಚಲಿಗೂ ಸಲ್ಲುತ್ತದೋ? ಮೈಸೂರು, ಮಂಡ್ಯದ ಕಡೆ ಬಾಣಂತಿಗೆ ‘ನೀರು ಹಾಕೋದು’ ಅಂತಾರೆ. ಅಲ್ಲಿ ‘ಎರೆ’ ಪೂರ್ತಿ ಹೋಯಿತಾ? ಗಂಡಸರು “ಎರಕೊಂಡೆ” ಅನ್ನುವ ಊರು ಯಾವುದಾದರೂ ಇದೆಯಾ? ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಅವರನ್ನೇ ಕೇಳಿ, ಅವರ ಬಾಯಲ್ಲಿ ಬಂದ ವಾಕ್ಯವನ್ನು ಹಾಗೇ ಬರೆದು ಕಳಿಸಿ.