ಮುದ್ದೆ ನುಂಗಿದರೆ ದವಡೆ ಬೆಳೆಯುತ್ತದಾ?

ಎಲ್ಲರಿಗೂ ನಮಸ್ಕಾರ. ನಿನ್ನೆ ಒಬ್ಬರು ಕೇಳಿದ್ದರಲ್ಲ, 8 ವರ್ಷದ ಮಗನ ದವಡೆ ಕಿರಿದು, ಹಲ್ಲಿಗೆ ಜಾಗ ಸಾಲದು ಅಂತ ಡೆಂಟಿಸ್ಟ್ ಹೇಳಿದರು, ಊರಿಂದ ಅತ್ತೆ ಫೋನಲ್ಲಿ "ಮೂರು ವರ್ಷ ಮಿಕ್ಸಿಗೆ ಹಾಕಿ ತಿನ್ನಿಸಿದ್ದಕ್ಕೇ ಹೀಗಾಯ್ತು" ಅಂತಿದ್ದಾರೆ ಅಂತ. ಆ ಮಾತು ನಾನೂ ಕೇಳಿಸಿಕೊಂಡವಳೇ. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನನ್ನ ಮಗಳು ಅಂಗಡಿಯ ನುಣ್ಣನೆ ಮಕ್ಕಳ ಆಹಾರದ ಪೌಚ್ ಹಿಂಡಿಕೊಂಡೇ ದೊಡ್ಡವಳಾದಳು. ಈಗ 12 ವರ್ಷ, ಹಲ್ಲಿಗೆ ಕ್ಲಿಪ್. ನಾನು ಡಾಕ್ಟರ್ ಅಲ್ಲ, ತಲೆಬಿಸಿ ಮಾಡಿಕೊಂಡು ಓದಿದ್ದನ್ನು ಹೇಳುತ್ತೇನೆ ಅಷ್ಟೇ.

ಕಿವಿಯ ಮುಂದೆ, ಕೆನ್ನೆ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಗಟ್ಟಿಯಾಗಿ ಉಬ್ಬುತ್ತದಲ್ಲ, ಅದು ಮ್ಯಾಸೆಟರ್ ಸ್ನಾಯು. ಕಿವಿಗೂ ಹುಬ್ಬಿಗೂ ನಡುವೆ ಬೆರಳಿಟ್ಟರೆ ಇನ್ನೊಂದು ಸಿಗುತ್ತದೆ, ಟೆಂಪೊರಾಲಿಸ್. ಅದು ಬೀಸಣಿಗೆ ಹಾಗೆ ತಲೆಬುರುಡೆಯ ಪಕ್ಕಕ್ಕೆ ಹರಡಿಕೊಂಡಿದೆ. ಗಂಡು ಗೊರಿಲ್ಲಾಗಳಲ್ಲಿ ಇದು ಎಷ್ಟು ದೊಡ್ಡದು ಅಂದರೆ ಅಂಟಿಕೊಳ್ಳಲು ಬುರುಡೆಯ ಮೇಲೆ ಜಾಗ ಸಾಲದೆ, ನಡುನೆತ್ತಿಯಲ್ಲಿ ಮೂಳೆಯ ಏಣು ಎದ್ದುಬಿಡುತ್ತದೆ. ಮರಿಗೆ ಆ ಏಣು ಇರುವುದಿಲ್ಲ. ಸ್ನಾಯು ಬೆಳೆದ ಹಾಗೆ ಬರುತ್ತದೆ.

ಮೂಳೆ ಕಲ್ಲಲ್ಲ, ಭಾರ ಬಿದ್ದ ಕಡೆ ದಪ್ಪವಾಗುತ್ತದೆ, ಕೆಲಸ ಇಲ್ಲದ ಕಡೆ ಸವೆಯುತ್ತದೆ. ಜರ್ಮನಿಯ ಸರ್ಜನ್ ಜೂಲಿಯಸ್ ವುಲ್ಫ್ 1892ರಲ್ಲೇ ಇದನ್ನು ಬರೆದಿಟ್ಟ. ಮುಖಕ್ಕೂ ಇದು ಸಲ್ಲುತ್ತದೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 2004ರಲ್ಲಿ ಹೈರಾಕ್ಸ್ ಅನ್ನುವ, ಮೊಲದಷ್ಟು ಗಾತ್ರದ ಪ್ರಾಣಿಗಳನ್ನು ಎರಡು ಗುಂಪು ಮಾಡಿ ಸಾಕಿತು. ಒಂದಕ್ಕೆ ಬೇಯಿಸಿದ ಮೆತ್ತನೆ ಆಹಾರ, ಇನ್ನೊಂದಕ್ಕೆ ಹಸಿ, ಗಟ್ಟಿ ಆಹಾರ. ಮೆತ್ತಗೆ ತಿಂದವುಗಳ ಮುಖದ ಕೆಳಭಾಗ, ಹಿಂಭಾಗದ ಬೆಳವಣಿಗೆ ಸುಮಾರು 10% ಕಡಿಮೆ. ಹುಟ್ಟಿನಿಂದ ಸ್ನಾಯು ದುರ್ಬಲವಾಗುವ ಕಾಯಿಲೆ ಇರುವ ಮಕ್ಕಳಲ್ಲಂತೂ ಮುಖ ಉದ್ದವಾಗಿ, ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೇ ಉಳಿಯುವುದು ಸಾಮಾನ್ಯ.

ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ರಾಬರ್ಟ್ ಕೊರುಚ್ಚಿನಿ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ 1980ರ ದಶಕದಲ್ಲಿ ಚಂಡೀಗಢದ ಸುತ್ತಮುತ್ತ ಹುಡುಗ ಹುಡುಗಿಯರ ಹಲ್ಲು ನೋಡಿದರು. ಹಳ್ಳಿಯವರಿಗಿಂತ ಪೇಟೆಯವರಲ್ಲಿ ವಕ್ರ ಹಲ್ಲು ಜಾಸ್ತಿ. ಜನ ಅವರೇ, ಊಟ ಬೇರೆ.

ಹಾಗಂತ ಎಲ್ಲ ನಿಮ್ಮ ಮಿಕ್ಸಿಯ ತಪ್ಪಲ್ಲ. ಅಪ್ಪನ ದವಡೆ ಹೇಗಿದೆ ನೋಡಿದಿರಾ? ಅನುವಂಶದ ಪಾಲು ದೊಡ್ಡದೇ. ಬೆರಳು ಚೀಪುತ್ತಾನಾ, ಬಾಯಿ ತೆರೆದು ಮಲಗುತ್ತಾನಾ ಅನ್ನುವುದನ್ನೂ ಡೆಂಟಿಸ್ಟ್‌ಗೆ ಹೇಳಿ. ಆನ್‌ಲೈನಲ್ಲಿ ಮಾರುವ ದವಡೆ ವ್ಯಾಯಾಮದ ರಬ್ಬರ್ ಉಂಡೆಗೆ ಮಾತ್ರ ದುಡ್ಡು ಸುರಿಯಬೇಡಿ.

ನಾವು ಊರಲ್ಲಿ ಸಂಕ್ರಾಂತಿಗೆ ಕಬ್ಬಿನ ಸಿಪ್ಪೆ ಹಲ್ಲಲ್ಲೇ ಸೀಳಿ, ರಸ ಹೋಗುವವರೆಗೂ ಜಗಿದು, ಅಂಗಳದ ತುಂಬ ಹಿಪ್ಪೆ ಉಗಿಯುತ್ತಿದ್ದೆವು. ಇಲ್ಲಿ ಕ್ಯಾರೆಟ್, ಸೇಬು ಸಿಪ್ಪೆ ಸಮೇತ, ಜೋಳದ ತೆನೆ ಇವೆಯಲ್ಲ, 8 ವರ್ಷದವನಿಗೆ ಧಾರಾಳವಾಗಿ ಕೊಡಿ. ತಮ್ಮ ತಂಗಿ ಇದ್ದರೆ ಹುಷಾರು, 5 ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಬಾದಾಮಿ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇನ್ನು ಅತ್ತೆ "ಮುದ್ದೆ ಕೊಡು, ದವಡೆ ಗಟ್ಟಿಯಾಗುತ್ತೆ" ಅಂದರೆ ನಕ್ಕುಬಿಡಿ. ಮುದ್ದೆಯನ್ನು ಯಾರು ಅಗಿಯುತ್ತಾರೆ?

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ 18 ವರ್ಷದೊಳಗಿನವರಿಗೆ ಕ್ಲಿಪ್ ಉಚಿತ, ಆದರೆ ಚಿಕಿತ್ಸೆ ಎಷ್ಟು ಅಗತ್ಯ ಅನ್ನುವ 1ರಿಂದ 5ರ ಅಳತೆಯಲ್ಲಿ ಹೆಚ್ಚಾಗಿ 4 ಅಥವಾ 5 ಬರಬೇಕು. ಮೇಲಿನ ಅಂಗುಳದ ನಡುವಿನ ಬೆಸುಗೆ ಹದಿಹರೆಯದಲ್ಲಿ ಗಟ್ಟಿಯಾಗುತ್ತಾ ಹೋಗುತ್ತದೆ. ಮೇಲ್ದವಡೆ ಅಗಲ ಮಾಡುವುದಿದ್ದರೆ ಅದಕ್ಕೆ ಮುಂಚೆಯೇ ಸುಲಭ. ಕಾಯುವ ಪಟ್ಟಿ ಉದ್ದ, ಕ್ಲಿಪ್ ಹಾಕುವ ತಜ್ಞರಿಗೆ ಈಗಲೇ ರೆಫರಲ್ ಕೇಳಿ. ನಮ್ಮ ಡೆಂಟಿಸ್ಟ್ "ನೋಡೋಣ" ಅಂತಲೇ ಎರಡು ವರ್ಷ ಕಳೆದರು, ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಈಗ ಕ್ಲಿಪ್ ಹಾಕಿದ ಮೇಲೆ ಕೊಟ್ಟ ಚೀಟಿಯಲ್ಲಿ ಮೊದಲ ಸಾಲೇ "ಗಟ್ಟಿ ಪದಾರ್ಥ ತಿನ್ನುವಂತಿಲ್ಲ". ನಮ್ಮತ್ತೆ ಕಳಿಸಿದ ಎರಡು ಕಿಲೋ ನಿಪ್ಪಟ್ಟನ್ನು ನಾನೊಬ್ಬಳೇ ಖಾಲಿ ಮಾಡುತ್ತಿದ್ದೇನೆ.