ಮೌನದಲ್ಲಿ ಕೇಳುವುದು ದೇವರ ದನಿಯೋ, ನನ್ನ ಮನಸ್ಸಿನದೋ?

ಪ್ರಶ್ನೆ: ಕೆಲಸ ಬಿಟ್ಟು ಊರಿಗೆ ಮರಳಲೇ ಎಂದು ತಿಂಗಳಿಂದ ಪ್ರಾರ್ಥಿಸುತ್ತಿದ್ದೇನೆ. ಇವತ್ತು ಹೋಗು ಅನ್ನಿಸುತ್ತೆ, ನಾಳೆ ಬೇಡ ಅನ್ನಿಸುತ್ತೆ. ಮೌನವಾಗಿ ಕೂತರೆ ತಲೆಯಲ್ಲಿ ಸಂತೆ. ಯೇಸುಸಭೆ ಎಂಬ ಕ್ರೈಸ್ತ ಸಂನ್ಯಾಸಿಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸರ ವಿವೇಚನೆಯ ಕ್ರಮ, ಅಂದರೆ ದೇವರ ಇಚ್ಛೆ ಯಾವುದೆಂದು ಗುರುತಿಸುವ ದಾರಿ, ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಕೂರುವುದನ್ನು ಸರಿಮಾಡಿಕೊಳ್ಳಿ. ಆರಂಭಕ್ಕೆ 15 ನಿಮಿಷ ಸಾಕು. ಜಾಗ, ಹೊತ್ತು ದಿನವೂ ಒಂದೇ ಇರಲಿ, ಫೋನು ಬೇರೆ ಕೋಣೆಯಲ್ಲಿರಲಿ. ಶುಭಸಂದೇಶದ (ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಭಾಗ) ಎಂಟು ಹತ್ತು ಸಾಲುಗಳನ್ನು ಹಿಂದಿನ ರಾತ್ರಿಯೇ ಆರಿಸಿಡಿ. ಕೂತ ಮೇಲೆ ಪುಟ ತಿರುವಿದರೆ ಅರ್ಧ ಹೊತ್ತು ಅದಕ್ಕೇ ಹೋಗುತ್ತದೆ. ಸಂತೆಯ ಬಗ್ಗೆ ಹೆದರಬೇಡಿ. ಹೊರಗಿನ ಸದ್ದು ನಿಂತಾಗಲೇ ಒಳಗಿನದು ಕೇಳಿಸುವುದು. ಯೋಚನೆಗಳ ಜೊತೆ ಗುದ್ದಾಡದೆ ಓದಿದ ಒಂದು ಪದಕ್ಕೆ ಮೆಲ್ಲಗೆ ಮರಳಿ. ಬೇಸರವಾಯಿತೆಂದು ಬೇಗ ಏಳಬೇಡಿ; ಅಂಥ ದಿನ ಗೊತ್ತುಮಾಡಿದ್ದಕ್ಕಿಂತ ತುಸು ಹೆಚ್ಚೇ ಕೂರಿ ಎನ್ನುತ್ತಾರೆ ಇಗ್ನೇಷಿಯಸ್.

ಉತ್ತರ 2: ನಿಮ್ಮ ಗೊಂದಲದ ಬೇರು ಬೇರೆ ಇದೆ ಅನ್ನಿಸುತ್ತದೆ. ಆ ಕ್ಷಣ ಏನನ್ನಿಸಿತು ಎಂಬುದನ್ನೇ ಉತ್ತರ ಅಂದುಕೊಳ್ಳುತ್ತಿದ್ದೀರಿ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಯುದ್ಧದಲ್ಲಿ ಕಾಲು ಮುರಿದು ತಮ್ಮ ಊರು ಲೊಯೋಲದಲ್ಲಿ ಮಲಗಿದ್ದಾಗ ಇಗ್ನೇಷಿಯಸ್ ಗಮನಿಸಿದ್ದು ಇದನ್ನೇ. ಸೇನಾನಿಯ ಕೀರ್ತಿಯ ಕನಸೂ ಹಿತ, ಸಂತರಂತೆ ಬಾಳುವ ಯೋಚನೆಯೂ ಹಿತ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ನೋಡಬೇಕಾದ್ದು ಆಮೇಲೆ ಉಳಿಯುವ ರುಚಿಯನ್ನು.

ಅದಕ್ಕೆ ರಾತ್ರಿ ಹತ್ತು ನಿಮಿಷದ ಆತ್ಮಪರಿಶೋಧನೆ ಮಾಡಿ: ದೇವರಿಗೆ ಕೃತಜ್ಞತೆ ಹೇಳಿ, ಬೆಳಕು ಬೇಡಿ, ದಿನವನ್ನು ಗಂಟೆಗಂಟೆಯಾಗಿ ನೆನೆಯಿರಿ, ತಪ್ಪಿಗೆ ಕ್ಷಮೆ ಕೇಳಿ, ನಾಳೆಗೆ ಸಂಕಲ್ಪ ಮಾಡಿ. ಕೊನೆಗೆ ‘ಹೋಗುವ’ ಯೋಚನೆ ಏನು ಉಳಿಸಿತು, ‘ಉಳಿಯುವ’ ಯೋಚನೆ ಏನು ಉಳಿಸಿತು, ಎರಡೇ ಸಾಲು ಬರೆಯಿರಿ. ಮೂರು ವಾರದ ಸಾಲುಗಳನ್ನು ಒಟ್ಟಿಗೆ ಓದಿದಾಗ ಜಾಡು ಕಾಣುತ್ತದೆ. ಒಂದು ಎಚ್ಚರ: ದೇವರ ಕಡೆಗೆ ಸೆಳೆಯುವ ಒಳಭಾವವನ್ನು ಇಗ್ನೇಷಿಯಸ್ ಸಾಂತ್ವನ ಎನ್ನುತ್ತಾರೆ; ಅದು ಬರೀ ಖುಷಿಯಲ್ಲ. ವಿಶ್ವಾಸ, ಭರವಸೆ, ಪ್ರೀತಿಯನ್ನು ಬೆಳೆಸುವ ಕಣ್ಣೀರೂ ಸಾಂತ್ವನವೇ. ಮನಸ್ಸು ಶುಷ್ಕವಾಗಿರುವಾಗ ಮಾತ್ರ ಹಿಂದಿನ ನಿರ್ಧಾರ ಬದಲಿಸಲೇಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ.

ಉತ್ತರ 3: ಮೇಲಿನದಕ್ಕೆ ಸೇರಿಸುತ್ತೇನೆ. ಜಾಡು ಕಾಣದಿದ್ದರೆ, ಮನಸ್ಸು ಶಾಂತವಾಗಿರುವ ದಿನ ನೋಡಿ ಹಾಳೆಯಲ್ಲಿ ನಾಲ್ಕು ಕಾಲಂ ಮಾಡಿ: ಹೋದರೆ ಲಾಭ, ಹೋದರೆ ತೊಂದರೆ, ಉಳಿದರೆ ಲಾಭ, ಉಳಿದರೆ ತೊಂದರೆ. ಎಣಿಸಬೇಡಿ, ತೂಗಿ ನೋಡಿ. ದೇವರ ಸೇವೆಗೆ ಸಂಬಂಧಿಸಿದ ಒಂದು ಕಾರಣ ಸೌಕರ್ಯದ ಐದಕ್ಕಿಂತ ಭಾರವಿರಬಹುದು. ಪರಿಚಯವೇ ಇಲ್ಲದವರು ಇದೇ ಪ್ರಶ್ನೆ ತಂದರೆ ಏನು ಹೇಳುತ್ತಿದ್ದಿರಿ? ಮರಣಶಯ್ಯೆಯಲ್ಲಿ ಯಾವುದನ್ನು ಆರಿಸಿರಬೇಕಿತ್ತು ಅನ್ನಿಸುತ್ತದೆ? ಇವೂ ಇಗ್ನೇಷಿಯಸರವೇ. ನಿರ್ಧರಿಸಿದ ಮೇಲೆ ಅದನ್ನು ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸಿ, ಸಮಾಧಾನ ನಿಲ್ಲುತ್ತದೆಯೇ ಎಂದು ಒಂದೆರಡು ವಾರ ನೋಡಿ, ಆಮೇಲೆ ರಾಜೀನಾಮೆ ಕೊಡಿ.

ಇಷ್ಟೆಲ್ಲ ಫಲಿಸುವುದು ಎರಡು ದಾರಿಗೂ ಮನಸ್ಸು ತೆರೆದಿದ್ದರೆ. ಮೊದಲೇ ತೀರ್ಮಾನಿಸಿದ್ದರೆ ದೇವರಿಂದ ಬರೀ ಸಹಿ ಕೇಳಿದಂತೆ.

ಉತ್ತರ 4: ಬೈಬಲ್ ತೆರೆದಾಗ ಕಣ್ಣಿಗೆ ಬಿದ್ದ ವಚನವನ್ನೇ ಅಪ್ಪಣೆಯೆಂದು ತಿಳಿಯಬೇಡಿ. ಬರೆದಿಟ್ಟ ಸಾಲುಗಳನ್ನು ಅನುಭವವುಳ್ಳ ಗುರುಗಳಿಗೋ ಸಿಸ್ಟರಿಗೋ ತೋರಿಸಿ. ಯಾರಿಗೂ ಹೇಳಬೇಡ ಎನ್ನುವ ಒಳದನಿಯನ್ನು ಅನುಮಾನಿಸಬೇಕು. ನಿದ್ದೆ, ಊಟ ಎರಡು ವಾರ ಕೆಟ್ಟಿದ್ದರೆ ಅದನ್ನು ಬರೀ ಆತ್ಮದ ಶುಷ್ಕತೆ ಎನ್ನದೆ ವೈದ್ಯರನ್ನೂ ಕಾಣಿ.