ಗಡಿಯಾರ ರಿಪೇರಿ ಮಾಡುತ್ತಿದ್ದ ಅಜ್ಜನ ನೆನಪಿಗೆ ಪುಸ್ತಿಕೆ: ಎಲ್ಲಿಂದ ಶುರು ಮಾಡುವುದು?

ಮಸಿಕುಡಿಕೆ:
ಅಜ್ಜ ಕೊನೆಯವರೆಗೂ ಗಡಿಯಾರ ರಿಪೇರಿ ಅಂಗಡಿ ನಡೆಸಿದವರು. ಮೊಮ್ಮಕ್ಕಳೆಲ್ಲ ಸೇರಿ 32 ಪುಟದ ಪುಸ್ತಿಕೆ ತರಬೇಕೆಂದಿದ್ದೇವೆ. ಇರುವುದು ಇಷ್ಟು: ಹನ್ನೊಂದು ರಿಪೇರಿ ರಿಜಿಸ್ಟರು, ಒಂದಿಷ್ಟು ಫೋಟೊ (ಒಂದು ಚೌಕಟ್ಟಿನ ಗಾಜಿಗೇ ಅಂಟಿದೆ), ಅವರ ದನಿ ಇರುವ ಒಂದು ಕ್ಯಾಸೆಟ್. ಬರೆದು ನೋಡಿದ ಎರಡು ಪುಟ "ಪ್ರೀತಿಯ ಅಜ್ಜ, ಶ್ರಮಜೀವಿ, ಪ್ರಾಮಾಣಿಕ" ಅನ್ನುವುದರಲ್ಲೇ ಮುಗಿಯಿತು. ಯಾರ ಅಜ್ಜನಿಗಾದರೂ ಹೊಂದುವ ಮಾತು. ದಾರಿ ತಿಳಿದವರು ಹೇಳಿ.

ರೀಲುಸುತ್ತು:
ಬರೆಯುವುದು ಆಮೇಲಿರಲಿ, ಹಾಳಾಗುವ ವಸ್ತುಗಳನ್ನು ಮೊದಲು ಉಳಿಸಿಕೊಳ್ಳಿ. ಕ್ಯಾಸೆಟ್ಟನ್ನು ಸಿಕ್ಕ ಪ್ಲೇಯರಿಗೆ ತುರುಕಬೇಡಿ. ಅದರ ಹಿಂದಿನ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ದನಿ ಅಳಿಸುವುದಿಲ್ಲ. ಪ್ಲೇಯರಿನ ಹೆಡ್ಡನ್ನು (ಟೇಪು ತಾಗಿ ಓಡುವ ಲೋಹದ ಭಾಗ) ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಿದ ಮೇಲೆ ಟೇಪನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಿಸಿ. ವರ್ಷಗಟ್ಟಲೆ ಕೂತ ಟೇಪು ಬಿಗಿಯಾಗಿರುತ್ತದೆ, ನೇರ ಹಾಕಿದರೆ ಎಳೆದಾಡುತ್ತದೆ. ದನಿ ಮಂಕಾಗಿದ್ದರೆ ಒಳಗಿನ ಸ್ಪಂಜಿನ ತುಂಡು ಉದುರಿರಬಹುದು. ಸುರುಳಿಯನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಬದಲಾಯಿಸಿದರೆ ಸರಿಹೋಗುತ್ತದೆ. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಕೊಟ್ಟು ವೇವ್ (WAV) ಫೈಲಾಗಿ ಇಳಿಸಿಕೊಳ್ಳಿ. ಸ್ಪೀಕರ್ ಮುಂದೆ ಮೊಬೈಲ್ ಹಿಡಿದರೆ ಅಜ್ಜನ ಮಾತಿನಷ್ಟೇ ಫ್ಯಾನಿನ ಸದ್ದೂ ಬರುತ್ತದೆ. ಎರಡನೇ ಬದಿಯನ್ನೂ ಪೂರ್ತಿ ಕೇಳಿ. ಅರ್ಧ ಟೇಪು ಖಾಲಿ ಓಡಿದ ಮೇಲೂ ಮಾತು ಸಿಗುವುದುಂಟು.

ಗಾಜಿಗೆ ಅಂಟಿದ ಫೋಟೊ ಎಳೆಯಲೇಬೇಡಿ. ತೇವಕ್ಕೆ ಮೆತ್ತಗಾದ ಜೆಲಟಿನ್ ಪದರ ಗಾಜನ್ನು ಹಿಡಿದುಕೊಂಡಿರುತ್ತದೆ. ಎಳೆದರೆ ಕಾಗದ ನಿಮ್ಮ ಕೈಗೆ, ಮುಖ ಗಾಜಿಗೆ. ಗಾಜಿನ ಸಮೇತ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. 4×6 ಇಂಚಿನ ಪಟಕ್ಕೆ 2400×3600 ಪಿಕ್ಸೆಲ್ ಬರುತ್ತದೆ, 8×12 ಇಂಚಿಗೆ ಹಿಗ್ಗಿಸಿದರೂ ಅಚ್ಚು ಚೊಕ್ಕ. ಮನೆಯವರು ಪಟ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಬರೀ ಫೋಟೊ ಆಗಿ ಬಂದರೆ ಕುಗ್ಗಿರುತ್ತದೆ.

ಮಸಿಕುಡಿಕೆ:
ನೀರಲ್ಲಿ ನೆನೆಸಿದರೆ ಬಿಡುತ್ತದೆ ಅನ್ನುತ್ತಾರಲ್ಲ?

ರೀಲುಸುತ್ತು:
ಕೆಲವು ಬಿಡುತ್ತವೆ. ಕೈಯಿಂದ ಬಣ್ಣ ಹಚ್ಚಿದ ಪಟ, ಇಂಕ್‌ಜೆಟ್ ಪ್ರಿಂಟು ಬಣ್ಣವನ್ನೇ ಬಿಡುತ್ತವೆ. ಸ್ಕ್ಯಾನ್ ಸಿಕ್ಕ ಮೇಲೆ ಆ ಸಾಹಸ ಯಾಕೆ?

ಚಕ್ರಮುಳ್ಳು:
ನಿಮ್ಮ ಬಳಿಯಿರುವ ನಿಜವಾದ ಆಸ್ತಿ ಆ ರಿಜಿಸ್ಟರುಗಳು. ಓದುವ ಕ್ರಮ ಹೇಳುತ್ತೇನೆ. ಪ್ರತಿ ವರ್ಷದ ಒಂದೇ ತಿಂಗಳನ್ನು ಆರಿಸಿ, ಕೆಲಸಗಳನ್ನು ಎಣಿಸಿ: ಮೇನ್ ಸ್ಪ್ರಿಂಗ್ (ಕೀ ಕೊಟ್ಟಾಗ ಬಿಗಿಯುವ ಸುರುಳಿ) ಎಷ್ಟು, ಬ್ಯಾಲೆನ್ಸ್ ಸ್ಟಾಫ್ (ಅತ್ತಿತ್ತ ತೂಗುವ ಚಕ್ರದ ಅಚ್ಚು) ಎಷ್ಟು, ಆಯಿಲಿಂಗ್ ಎಷ್ಟು, ಸೆಲ್ ಎಷ್ಟು. ಕೀ ಬೇಡದೆ ಸೆಲ್ಲಿನಿಂದ ಓಡುವ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಬಂದದ್ದು 1969ರಲ್ಲಿ. ನಿಮ್ಮ ಅಜ್ಜನ ಮೇಜಿಗೆ ಅದು ಯಾವಾಗ ಬಂತೆಂಬುದನ್ನು "ಸೆಲ್" ಎಂಬ ಪದ ಮೊದಲು ಕಾಣುವ ಪುಟ ಹೇಳುತ್ತದೆ. ದಿನವಿಡೀ ಕೂತು ಮಾಡುವ ಕೆಲಸ ಹೋಗಿ ಐದು ನಿಮಿಷದ ಕೆಲಸ ಬಂದಾಗ ಅವರು ಏನು ಮಾಡಿದರು? ಬೆಲ್ಟು ಮಾರಿದರೇ, ಗೋಡೆ ಗಡಿಯಾರಕ್ಕೆ ಕೈಹಾಕಿದರೇ? ಒಂದು ಅಧ್ಯಾಯ ಅಲ್ಲಿದೆ.

ಖಾಲಿ ದಿನಗಳನ್ನೂ ಗುರುತು ಹಾಕಿ. ಮೊಮ್ಮಕ್ಕಳು ಹುಟ್ಟಿದ ತಾರೀಕು, ಶಾಲೆ ಸೇರಿದ ದಿನ, ಯಾರದೋ ಆಪರೇಷನ್ ಪಕ್ಕದಲ್ಲಿಟ್ಟು ಹೊಂದಿಸಿ. ಅಂಗಡಿ ಬಾಗಿಲು ಯಾರಿಗಾಗಿ ಮುಚ್ಚಿತ್ತು ಎನ್ನುವುದಕ್ಕಿಂತ "ಪ್ರೀತಿಯ ಅಜ್ಜ" ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಒಂದು ಎಚ್ಚರ: ವಾರದ ರಜೆಯನ್ನು ಮೊದಲು ಕಳೆಯಿರಿ, ಇಲ್ಲದಿದ್ದರೆ ಇಲ್ಲದ ಅರ್ಥ ಹುಟ್ಟುತ್ತದೆ.

ಇನ್ನೊಂದು ವಿಷಯ ಎಷ್ಟೋ ಮನೆಯವರಿಗೆ ಗೊತ್ತಿರುವುದಿಲ್ಲ. ರಿಪೇರಿ ಮಾಡಿದವರು ವಾಚಿನ ಹಿಂಬದಿ ಮುಚ್ಚಳದ ಒಳಗೆ ಸೂಜಿಮೊನೆಯಿಂದ ತಾರೀಕನ್ನೋ ಕೆಲಸದ ನಂಬರನ್ನೋ ಗೀರಿಡುವ ರೂಢಿ ಉಂಟು. ಮನೆಯವರ, ಹಳೆಯ ಗಿರಾಕಿಗಳ ವಾಚು ಬಿಚ್ಚಿಸಿ ನೋಡಿ. ಗೀರಿದ ನಂಬರು ರಿಜಿಸ್ಟರಿನ ಸಾಲಿಗೆ ಕೂಡಿದರೆ ಎರಡರ ಚಿತ್ರವನ್ನೂ ಎದುರುಬದುರು ಹಾಕಿ. ಕತ್ತಲಲ್ಲಿ ಹೊಳೆಯಲೆಂದು ಮುಳ್ಳಿಗೆ ಬಣ್ಣ ಬಳಿದ ತೀರಾ ಹಳೆಯ ವಾಚುಗಳನ್ನು ಮಾತ್ರ ನೀವೇ ಬಿಚ್ಚಬೇಡಿ. ಅದು ರೇಡಿಯಂ ಇರಬಹುದು, ಹೊಳಪು ಸತ್ತರೂ ಪುಡಿ ಅಪಾಯವೇ.

ಮೇಜನ್ನು ಖಾಲಿ ಮಾಡುವ ಮೊದಲು ಅವರ ಕುರ್ಚಿಯಲ್ಲಿ ಕೂತು, ಅವರ ಕಣ್ಣಿನ ಎತ್ತರದಿಂದ ಫೋಟೊ ತೆಗೆಯಿರಿ. ಒರೆಸಿ ಜೋಡಿಸಿದ ಮೇಲೆ ತೆಗೆದರೆ ಅದು ನಿಮ್ಮ ಮೇಜು.

ಕರಡುತಿದ್ದು:
ನೆನಪು ಕೇಳುವಾಗ "ಅಜ್ಜ ಹೇಗಿದ್ದರು" ಅನ್ನಬೇಡಿ, ಗುಣವಾಚಕಗಳೇ ಬರುತ್ತವೆ. "ಲೆನ್ಸನ್ನು ಯಾವ ಕಣ್ಣಿಗೆ ಹಾಕುತ್ತಿದ್ದರು? ಸ್ಕ್ರೂ ಕೆಳಗೆ ಬಿದ್ದರೆ ಏನು ಮಾಡುತ್ತಿದ್ದರು? ನಿನಗೆ ಕೈಗೆ ಕೊಟ್ಟ ಮೊದಲ ಕೆಲಸ ಯಾವುದು?" ಎಂದು ಕೇಳಿ. ಒಬ್ಬೊಬ್ಬರನ್ನೇ ಕೂರಿಸಿ, ಗುಂಪಿನಲ್ಲಿ ಮೊದಲು ಮಾತಾಡಿದವರ ನೆನಪೇ ಎಲ್ಲರ ನೆನಪಾಗುತ್ತದೆ. ಒಂದು ತಾರೀಕಿಗೆ ಇಬ್ಬರು ಎರಡು ವರ್ಷ ಹೇಳಿದರೆ ಲೈಸೆನ್ಸ್, ಬಾಡಿಗೆ ಚೀಟಿ ನೋಡಿ. ಅಲ್ಲೂ ಸಿಗದಿದ್ದರೆ "ಸುಮಾರು" ಎಂದು ಬರೆಯಿರಿ.

ಅಚ್ಚಿನ ವಿಚಾರ: ನಡುವೆ ಪಿನ್ ಹೊಡೆಯುವ ಪುಸ್ತಿಕೆಗೆ ಪುಟಗಳು ನಾಲ್ಕರಿಂದ ಭಾಗವಾಗಬೇಕು, 32 ಸರಿಯಾಗಿದೆ. 16–17 ಒಂದೇ ಹಾಳೆಯಲ್ಲಿ ಎದುರಾಗುವ ಪುಟಗಳು. ಮೇಜಿನ ಫೋಟೊ ಅಲ್ಲಿಗೆ ಹಾಕಿ, ಬೇರೆಡೆ ಹಾಕಿದರೆ ಎರಡು ಅರ್ಧ ಕೂಡುವುದಿಲ್ಲ. ಯೂನಿಕೋಡ್ ಬರಹವನ್ನು ಅಚ್ಚಿನವರು ಹಳೆಯ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ, ಕೊನೆಯ ಕರಡನ್ನು ಕಾಗದದ ಮೇಲೆಯೇ ಓದಿ.

ಮಸಿಕುಡಿಕೆ:
ರಿಜಿಸ್ಟರಿನ ಪುಟವನ್ನೇ ಹಾಕಬಹುದೇ? ಬಾಕಿ ಉಳಿಸಿಕೊಂಡವರ ಹೆಸರುಗಳಿವೆ.

ಚಕ್ರಮುಳ್ಳು:
ಹೆಸರು, ವಿಳಾಸದ ಕಂಬ ಮುಚ್ಚಿ, ಕೆಲಸದ ಕಂಬ ಮಾತ್ರ ಕಾಣಲಿ. ಮೂಲ ಪುಟಕ್ಕೆ ಟೇಪ್ ಅಂಟಿಸಬೇಡಿ, ಸ್ಕ್ಯಾನಿನಲ್ಲಿ ಮುಚ್ಚಿ. ಬಾಕಿಯ ಮುಂದೆ ಅವರೇ ಅಡ್ಡಗೆರೆ ಎಳೆದು ಬಿಟ್ಟ ಸಾಲುಗಳಿದ್ದರೆ ಅವು ಎಷ್ಟೆಂದು ಎಣಿಸಿ, ಸಂಖ್ಯೆಯನ್ನಷ್ಟೇ ಹಾಕಿ.